ಸಮಾಜಶಾಸ್ತ್ರ ಶುರು ಮಾಡಬೇಕಾ? ಮೊದಲು ಬಸ್ ಹತ್ತಿ

ಪಿಯುಸಿಯಲ್ಲಿ ನಮಗೆ ಸಮಾಜಶಾಸ್ತ್ರ ಅಂದರೆ ಡಿಕ್ಟೇಷನ್. ಮೇಷ್ಟ್ರು ಹೇಳುತ್ತಿದ್ದರು, ನಾವು ತಲೆ ಎತ್ತದೆ ಬರೆಯುತ್ತಿದ್ದೆವು. ಅಂತಸ್ತು ಎಂದರೆ, ಪಾತ್ರ ಎಂದರೆ, ರೂಢಿ ಎಂದರೆ. ಒಂದೊಂದಕ್ಕೂ ಮೂರು ವ್ಯಾಖ್ಯೆ, ಬಾಯಿ ತಿರುಗದ ಮೂರು ಹೆಸರು. ಪರೀಕ್ಷೆಯಲ್ಲಿ ಅಂಕ ಬಂತು, ವಿಷಯ ಮಾತ್ರ ತಲೆಗೆ ಹತ್ತಲಿಲ್ಲ. ಅದು ಹತ್ತಿದ್ದು ಎಷ್ಟೋ ವರ್ಷದ ಮೇಲೆ, ದಿನಾ ಒಂದು ಗಂಟೆ ಬಸ್ಸಿನಲ್ಲಿ ನಿಂತು ಕೆಲಸಕ್ಕೆ ಹೋಗುವಾಗ. ಫೋನ್ ಚಾರ್ಜ್ ಇಲ್ಲದ ಒಂದು ದಿನ ಬೇರೆ ದಾರಿಯಿಲ್ಲದೆ ಸುಮ್ನೆ ಜನರನ್ನು ನೋಡುತ್ತಾ ನಿಂತಿದ್ದೆ. ನೋಟ್ಸ್‌ನಲ್ಲಿದ್ದ ಒಂದೊಂದೇ ಪದ ಎದುರಿಗೆ ಬಂದು ಕೂತ ಹಾಗಾಯಿತು.

ಅದಕ್ಕೇ ಪಿಯುಸಿ, ಬಿಎ ಓದುವವರಿಗೂ, ಕೆಎಎಸ್‌ಗೆ ತಯಾರಾಗುವವರಿಗೂ, ಸುಮ್ನೆ ಕುತೂಹಲಕ್ಕೆ ಕೇಳುವವರಿಗೂ ನಾನು ಹೇಳೋದು ಒಂದೇ. ಪುಸ್ತಕ ಆಮೇಲೆ ತೆಗೆಯಿರಿ. ಒಂದು ವಾರ ಒಂದೇ ರೂಟಿನ ಬಸ್ಸಿನಲ್ಲಿ, ಆದಷ್ಟೂ ಒಂದೇ ಹೊತ್ತಿಗೆ ಓಡಾಡಿ. ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲು ನೋಡಿ, ತೀರ್ಪು ಕೊಡಬೇಡಿ

ಮೊದಲ ಎರಡು ದಿನ ಯಾವ ಸಿದ್ಧಾಂತವೂ ಬೇಡ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ಕೇಳೋಕೆ ಸುಲಭ, ಮಾಡೋಕೆ ಕಷ್ಟ. ನನ್ನ ಮೊದಲ ಪುಟದಲ್ಲಿ "ಜನಕ್ಕೆ ಶಿಸ್ತೇ ಇಲ್ಲ" ಅಂತ ಬರೆದಿದ್ದೆ. ಅದು ನೋಡಿದ್ದಲ್ಲ, ಬೈದದ್ದು. ಆಮೇಲೆ ಬರೆದದ್ದು ಹೀಗಿತ್ತು:

"ಸಂಜೆ 5.40. ಬಸ್ ಇನ್ನೂ ನಿಂತಿಲ್ಲ. ಒಬ್ಬ ಹುಡುಗ ಕೆಳಗಿನಿಂದಲೇ ಕಿಟಕಿಯೊಳಗೆ ಕರ್ಚೀಫ್ ಹಾಕಿದ. ಹತ್ತಿದವರಲ್ಲಿ ಮೂವರು ಆ ಸೀಟು ನೋಡಿ, ಏನೂ ಹೇಳದೆ ಮುಂದೆ ಹೋದರು. ನಾಲ್ಕನೆಯವರು ಕರ್ಚೀಫ್ ಎತ್ತಿ ಕಿಟಕಿ ಪಕ್ಕ ಇಟ್ಟು ಕೂತರು. ಹುಡುಗ ಬಂದ. ಜಗಳ. ಅಕ್ಕಪಕ್ಕದವರು ಹುಡುಗನ ಪರ. ಕೂತವರು ಎದ್ದರು, ಗೊಣಗುತ್ತಾ."

ಇಷ್ಟೇ. ಇದರಲ್ಲಿ ಅರ್ಧ ಸೆಮಿಸ್ಟರ್ ಇದೆ, ಆಮೇಲೆ ನೋಡೋಣ.

ಯಾರ ಫೋಟೋನೂ ತೆಗೆಯಬೇಡಿ, ಮಾತು ರೆಕಾರ್ಡ್ ಮಾಡಬೇಡಿ, ಹೆಸರು ಗೊತ್ತಿದ್ದರೂ ಬರೆಯಬೇಡಿ. ಇನ್ನೊಂದು, ಬರೆದದ್ದನ್ನು ಒಂದೇ ಕಡೆ ಇಡಬೇಡಿ. ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದುಕೊಂಡು ಅಧ್ಯಯನ ಮಾಡಿದರು. ಬರಹದಲ್ಲಿ ಅದಕ್ಕೆ ಅವರು ಕೊಟ್ಟ ಹೆಸರು ರಾಮಪುರ. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟರು. ವರ್ಷಗಟ್ಟಲೆ ಕೂತು ಜೋಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಆ ಕೋಣೆಯಲ್ಲೇ ಇದ್ದವು. ಕೊನೆಗೆ ನೆನಪಿನ ಮೇಲೇ ಆ ಹಳ್ಳಿಯ ಕಥೆ ಬರೆದರು, 1976ರಲ್ಲಿ ಪುಸ್ತಕ ಬಂತು. ಅಂಥ ನೆನಪು ನಮಗಿಲ್ಲ, ಹಾಗಾಗಿ ರಾತ್ರಿ ಪುಟದ ಫೋಟೋ ತೆಗೆದು ಇನ್ನೊಂದು ಕಡೆ ಇಟ್ಟುಬಿಡಿ.

ಬರೆಯದೇ ಇರುವ ನಿಯಮ ಹುಡುಕಿ

ಈಗ ಕರ್ಚೀಫ್‌ಗೆ ಬನ್ನಿ. ಕಿಟಕಿಯಿಂದ ಬಟ್ಟೆ ಹಾಕಿದವನಿಗೇ ಸೀಟು ಅಂತ ಯಾವ ಸಾರಿಗೆ ನಿಗಮವೂ ಬೋರ್ಡ್ ಹಾಕಿಲ್ಲ. ಕಾನೂನಿನಲ್ಲೂ ಇಲ್ಲ. ಆದರೂ ಮೂವರು ಬಾಯಿ ಮುಚ್ಚಿಕೊಂಡು ಮುಂದೆ ಹೋದರು, ನಾಲ್ಕನೆಯವರನ್ನು ಉಳಿದವರು ಸೇರಿ ಎಬ್ಬಿಸಿದರು. ಫ್ರಾನ್ಸಿನ ಎಮಿಲ್ ಡರ್ಕೈಮ್ 1895ರಲ್ಲಿ 'ಸಾಮಾಜಿಕ ಸಂಗತಿ' ಅಂದದ್ದು ಇದನ್ನೇ. ಅದು ನಿಮ್ಮ ತಲೆಯೊಳಗೆ ಹುಟ್ಟಿದ್ದಲ್ಲ, ಹೊರಗಿದೆ, ನೀವು ಹುಟ್ಟೋದಕ್ಕೆ ಮೊದಲೂ ಇತ್ತು. ಒಪ್ಪಿ ನಡೆದರೆ ಅದು ಇದೆ ಅಂತಲೇ ಗೊತ್ತಾಗೋದಿಲ್ಲ, ಮುರಿದರೆ ತಕ್ಷಣ ಒತ್ತಡ ಬೀಳುತ್ತೆ. ಪಠ್ಯದ ನಿಯಮ, ನಿರ್ಬಂಧ ಎಲ್ಲ ಇಲ್ಲೇ ಬರುತ್ತವೆ. ಅಕ್ಕಪಕ್ಕದವರ ಗೊಣಗಾಟವೇ ನಿರ್ಬಂಧ, ಪೊಲೀಸೇ ಬರಬೇಕು ಅಂತಿಲ್ಲ.

ಆ ಒತ್ತಡ ಎಷ್ಟು ಜೋರು ಅನ್ನೋದಕ್ಕೆ ಒಂದು ಪ್ರಯೋಗ ಇದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್ಗ್ರಾಂ ತನ್ನ ವಿದ್ಯಾರ್ಥಿಗಳನ್ನು ಅಲ್ಲಿನ ಸುರಂಗ ರೈಲಿಗೆ ಕಳಿಸಿದರು. ಕೆಲಸ ಇಷ್ಟೇ, ಕೂತವರ ಹತ್ತಿರ ಹೋಗಿ, ಯಾವ ಕಾರಣವೂ ಹೇಳದೆ, "ನಿಮ್ಮ ಸೀಟು ಕೊಡ್ತೀರಾ?" ಅಂತ ಕೇಳೋದು. ಶೇ 68ರಷ್ಟು ಜನ ಎದ್ದರು ಇಲ್ಲವೇ ಸರಿದು ಜಾಗ ಕೊಟ್ಟರು. ಆಶ್ಚರ್ಯ ಅದಲ್ಲ. ಕೇಳುವವರಿಗೇ ಕೈಕಾಲು ನಡುಗಿತ್ತು. ಮಿಲ್ಗ್ರಾಂ ತಾವೇ ಹೋದಾಗ ಮಾತು ಗಂಟಲಲ್ಲೇ ನಿಂತಿತಂತೆ, ಹೇಗೋ ಕೇಳಿ ಸೀಟು ಸಿಕ್ಕ ಮೇಲೆ ಹುಷಾರಿಲ್ಲದವರ ಹಾಗೆ ತಲೆ ತಗ್ಗಿಸಿ ಕೂರಬೇಕು ಅನ್ನಿಸಿತಂತೆ. ಕೇಳಿದ್ದಕ್ಕೆ ಕಾರಣ ತೋರಿಸಲೇಬೇಕು ಅಂತ ಮೈಯೇ ಒತ್ತಾಯ ಮಾಡಿತು ಅನ್ನಿ.

ನೀವೂ ಒಂದು ಸಣ್ಣ ನಿಯಮ ಮುರಿದು ನೋಡಬಹುದು. ಬಸ್ಸೆಲ್ಲ ಖಾಲಿ ಇದ್ದಾಗ ಒಬ್ಬರೇ ಕೂತವರ ಪಕ್ಕ ಹೋಗಿ ಕೂತರೆ ಸಾಕು, ಇಬ್ಬರಿಗೂ ಮುಜುಗರ. ಆದರೆ ಗಂಡಸರಿಗೆ ಒಂದು ಮಾತು: ಹೆಣ್ಣುಮಕ್ಕಳ ಪಕ್ಕ ಹೋಗಿ ಇದನ್ನು ಮಾಡಬೇಡಿ. ಅದು ಪ್ರಯೋಗ ಅಲ್ಲ, ಕಿರುಕುಳ. ಒಂದೇ ಕೆಲಸ ಇಬ್ಬರ ಹತ್ತಿರ ಎರಡು ಅರ್ಥ ಆಗುತ್ತೆ ಅಲ್ವಾ, ಅದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಂಡಕ್ಟರ್ ಮೇಲೆ ಕಣ್ಣಿಡಿ

ಅಂತಸ್ತು, ಪಾತ್ರ ಎರಡೂ ಕಲಸುಮೇಲೋಗರ ಆಗುವ ಪದಗಳು. ಕಂಡಕ್ಟರ್ ಆಗಿರೋದು ಅಂತಸ್ತು. ಟಿಕೆಟ್ ಕೊಡು, ಸೀಟಿ ಊದು, ಜಗಳ ಬಿಡಿಸು ಅಂತ ಅದರ ಜೊತೆ ಬರುವ ನಿರೀಕ್ಷೆಗಳು ಪಾತ್ರ. ಪರೀಕ್ಷೆ ಬರೆದು ಪಡೆದ ಕೆಲಸ, ಅದಕ್ಕೆ ಗಳಿಸಿದ ಅಂತಸ್ತು. ಅದೇ ವ್ಯಕ್ತಿ ಹೆಣ್ಣೋ ಗಂಡೋ ಆಗಿರೋದು, ಒಂದು ಜಾತಿಯಲ್ಲಿ ಹುಟ್ಟಿರೋದು ಆರೋಪಿತ ಅಂತಸ್ತು. ಬಸ್ಸಿಗೆ ಅವರ ಹಳೇ ಹೆಡ್‌ಮಾಸ್ಟರು ಚಿಲ್ಲರೆ ಇಲ್ಲದೆ ಹತ್ತಿದರೆ ಏನು ಮಾಡೋದು? ಶಿಷ್ಯನಾಗಿ ಸುಮ್ಮನಿರಬೇಕು, ಕಂಡಕ್ಟರ್ ಆಗಿ ಟಿಕೆಟ್ ಹರಿಯಬೇಕು. ಪಾತ್ರ ಸಂಘರ್ಷ ಅಂದರೆ ಇದು, ಅದಕ್ಕಿಂತ ದೊಡ್ಡದೇನಲ್ಲ.

ಟರ್ಮಿನಸ್‌ನಲ್ಲಿ ಇಳಿದು ಅವರು ಟೀ ಕುಡಿಯೋದನ್ನೂ ನೋಡಿ. ಅಲ್ಲಿ ದನಿಯೇ ಬೇರೆ. ಬಸ್ಸಿನಲ್ಲಿ "ಒಳಗಡೆ ನಡೀರಿ, ಒಳಗಡೆ ಜಾಗ ಇದೆ" ಅಂತ ಗದರುತ್ತಿದ್ದವರು ಇಲ್ಲಿ ಡ್ರೈವರ್ ಹೆಗಲ ಮೇಲೆ ಕೈ ಹಾಕಿ ಪ್ರಯಾಣಿಕರನ್ನೇ ಅಣಕಿಸಿ ನಗುತ್ತಿರುತ್ತಾರೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ನಮ್ಮ ದಿನದ ಬಾಳನ್ನು ನಾಟಕಕ್ಕೆ ಹೋಲಿಸಿ ರಂಗದ ಮುಂಭಾಗ, ಹಿಂಭಾಗ ಅಂತ ಮಾಡಿದ್ದರು. ಬಣ್ಣದ ಚೌಕಿ ನೋಡಿದ ಯಕ್ಷಗಾನದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಒಂದೇ ವಿಷಯ, ಮೂರು ಕನ್ನಡಕ

ಎಲ್ಲರೂ ಮುಗ್ಗರಿಸೋದು ಇಲ್ಲೇ. ಪ್ರಕಾರ್ಯವಾದ, ಸಂಘರ್ಷವಾದ, ಸಾಂಕೇತಿಕ ಅಂತಃಕ್ರಿಯಾವಾದ. ಯಾವುದು ಸರಿ ಅಂತ ಕೇಳುತ್ತಾರೆ. ಆ ಪ್ರಶ್ನೆಯೇ ತಪ್ಪು ದಾರಿ. ಸಿದ್ಧಾಂತ ಉತ್ತರ ಕೊಡೋದಕ್ಕಿಂತ ಮೊದಲು ನಿಮಗೊಂದು ಪ್ರಶ್ನೆ ಕೊಡುತ್ತೆ. ಮೂರಕ್ಕೆ ಮೂರು ಪ್ರಶ್ನೆ. ಬಸ್ಸಿನಲ್ಲೇ ಇದ್ದೀವಲ್ಲ, ಶಕ್ತಿ ಯೋಜನೆಯನ್ನೇ ಹಿಡಿಯೋಣ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ರಾಜ್ಯದೊಳಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದರ ಸೊನ್ನೆ. ಐಷಾರಾಮಿ ಬಸ್ಸುಗಳು ಇದರಲ್ಲಿಲ್ಲ.

ಮೊದಲ ಪ್ರಶ್ನೆ: ಇದರಿಂದ ಏನು ಕೆಲಸ ಆಗುತ್ತಿದೆ? ಪ್ರಕಾರ್ಯವಾದದವರ ಪ್ರಶ್ನೆ ಇದು. ಅಮೆರಿಕದ ರಾಬರ್ಟ್ ಮರ್ಟನ್ ಇದನ್ನು ಎರಡು ಮಾಡಿದರು. ಉದ್ದೇಶ ಇಟ್ಟುಕೊಂಡು ಮಾಡಿದ್ದು ವ್ಯಕ್ತ ಕಾರ್ಯ, ಯಾರೂ ಲೆಕ್ಕ ಹಾಕದೆ ಆದದ್ದು ಸುಪ್ತ ಕಾರ್ಯ. ಹೆಂಗಸರ ಓಡಾಟದ ಖರ್ಚು ಉಳಿಸೋದು ವ್ಯಕ್ತ. ಆದರೆ ನನ್ನ ಬಸ್ಸಿನಲ್ಲಿ ನಾನು ಕಂಡದ್ದು ಇನ್ನೊಂದು. ಇಬ್ಬರು ಅಜ್ಜಿಯರು ತಿಂಗಳಿಗೊಮ್ಮೆ ಧರ್ಮಸ್ಥಳಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೊರಡೋದು, "ಮಗನ್ನ ದುಡ್ಡು ಕೇಳೋ ಹಂಗಿಲ್ಲ" ಅಂತ ಜೋರಾಗಿ ಹೇಳಿ ನಗೋದು. ಹೊರಗೆ ಹೋಗೋಕೆ ಮನೆಯಲ್ಲಿ ಅಪ್ಪಣೆ ಕೇಳುವ ಒಂದು ಕಾರಣವೇ ತಪ್ಪಿಹೋದರೆ, ಆ ಮನೆಯೊಳಗೂ ಏನೋ ಕದಲುತ್ತೆ.

ಎರಡನೆಯದು: ಯಾರಿಗೆ ಲಾಭ, ಯಾರ ಜೇಬಿಗೆ ಕೈ? ಮಾರ್ಕ್ಸ್‌ನಿಂದ ಬಂದ ಪ್ರಶ್ನೆ, ಸಂಘರ್ಷವಾದದ್ದು. ಇಲ್ಲಿ ಬಡವ-ಶ್ರೀಮಂತ ಅಂತ ಎರಡು ಗುಂಪು ಮಾಡಿ ಮುಗಿಸಬೇಡಿ, ವಿಷಯ ಅಷ್ಟು ನೆಟ್ಟಗಿಲ್ಲ. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ಬಂದ್ ಮಾಡಿದರು. ಅದರಲ್ಲಿ ಆಟೋದವರೂ ಇದ್ದರು, ಅವರ ಗಿರಾಕಿಗಳು ಬಸ್ಸಿಗೆ ಹೋಗಿದ್ದರು. ಅಂದರೆ ಆಟೋ ಓಡಿಸುವವನ ಸಂಪಾದನೆ, ಗಾರ್ಮೆಂಟ್ಸ್‌ಗೆ ಹೋಗುವವಳ ಉಳಿತಾಯ ಎರಡೂ ಎದುರುಬದುರು ನಿಂತವು, ಇಬ್ಬರೂ ದುಡಿದು ತಿನ್ನುವವರೇ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು, ಅದನ್ನು ಕೈಯಿಂದ ಕೊಡೋರು ಗಂಡಸರು. ಇನ್ನು ಮಂಗಳೂರು, ಉಡುಪಿ ಕಡೆ ನೋಡಿ, ಅಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು. ಯೋಜನೆ ಕಾಗದದಲ್ಲಿ ರಾಜ್ಯಕ್ಕೆಲ್ಲ ಒಂದೇ, ಕೈಗೆ ಸಿಕ್ಕಿದ್ದು ಒಂದೇ ಥರ ಅಲ್ಲ.

ಮೂರನೆಯದು: ಜನ ಇದಕ್ಕೆ ಏನು ಅರ್ಥ ಕೊಡುತ್ತಿದ್ದಾರೆ? ಜಾರ್ಜ್ ಹರ್ಬರ್ಟ್ ಮೀಡ್, ಆಮೇಲೆ ಈ ದಾರಿಗೆ ಸಾಂಕೇತಿಕ ಅಂತಃಕ್ರಿಯಾವಾದ ಅಂತ ಹೆಸರಿಟ್ಟ ಹರ್ಬರ್ಟ್ ಬ್ಲೂಮರ್ ಅವರದ್ದು. "ಫ್ರೀ" ಅನ್ನೋ ಒಂದು ಪದವನ್ನು ಹಿಡಿದು ಇಡೀ ವಾರ ಕೂತರೂ ಸಾಲದು. ಕಂಡಕ್ಟರ್ ಬಾಯಲ್ಲಿ "ಫ್ರೀ ಅಲ್ವೇನಮ್ಮ, ಸ್ವಲ್ಪ ನಿಂತ್ಕೊಳ್ಳಿ" ಅಂತ ಬಂದಾಗ ಅದು ಚುಚ್ಚುಮಾತು. ಅಜ್ಜಿ ಬಾಯಲ್ಲಿ ಬಂದಾಗ ಸಂಭ್ರಮ. ಒಂದು ದಿನ ಒಬ್ಬರು ಹತ್ತು ರೂಪಾಯಿ ಮುಂದೆ ಚಾಚಿ "ನಂಗೆ ದುಡ್ಡಿನ ಟಿಕೆಟ್ಟೇ ಕೊಡಿ" ಅಂದರು. ಆ ಹತ್ತು ರೂಪಾಯಿಗೆ ಅವರು ಕೊಂಡದ್ದು ಪ್ರಯಾಣ ಅಲ್ಲ, ಮರ್ಯಾದೆ. ಈ ಮೂರನೇ ಕನ್ನಡಕ ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಇದೊಂದನ್ನೇ ಹಾಕಿಕೊಂಡರೆ ದುಡ್ಡು ಎಲ್ಲಿಂದ ಬಂತು ಅನ್ನೋದೇ ಕಾಣೋದಿಲ್ಲ.

ಲಿಂಗ, ಲಿಂಗತ್ವ: ಇಲ್ಲಿ ಎರಡು ದಿನ ಜಾಸ್ತಿ ಕೊಡಿ

ಹುಟ್ಟುವಾಗ ದೇಹದಲ್ಲಿ ಇರೋದು ಲಿಂಗ. ಆ ದೇಹ ಇದ್ದವರು ಹೇಗೆ ನಡೆಯಬೇಕು, ಕೂರಬೇಕು, ನಗಬೇಕು, ಎಷ್ಟು ಹೊತ್ತಿಗೆ ಮನೆ ಸೇರಬೇಕು ಅಂತ ಸಮಾಜ ಹೇಳಿಕೊಡೋದು ಲಿಂಗತ್ವ. ಬ್ರಿಟನ್ನಿನ ಆನ್ ಓಕ್ಲಿ 1972ರಲ್ಲಿ ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಿದರು. 1987ರಲ್ಲಿ ಕ್ಯಾಂಡೇಸ್ ವೆಸ್ಟ್, ಡಾನ್ ಜಿಮ್ಮರ್‌ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲಿಂಗತ್ವ ಅನ್ನೋದು ನಮ್ಮೊಳಗೆ ಇರುವ ವಸ್ತು ಅಲ್ಲ, ದಿನಾ ಇನ್ನೊಬ್ಬರ ಎದುರು ನಾವು ಮಾಡುವ ಕೆಲಸ ಅಂದರು.

ಇದು ನಿಜವಾ ಅಂತ ನೋಡೋಕೆ ಮೂವರ ಸೀಟು ಸಾಕು. ಗಂಡಸರು ಮೂವರು ಕೂತಿರುವ ಸೀಟಿನಲ್ಲಿ ಮೊಣಕಾಲುಗಳ ನಡುವಿನ ಜಾಗ ನೋಡಿ, ಆಮೇಲೆ ಹೆಂಗಸರ ಸೀಟು ನೋಡಿ. ಬ್ಯಾಗ್ ಎಲ್ಲಿದೆ ನೋಡಿ. ಕಾಲೇಜು ಹುಡುಗ ಬೆನ್ನಿಗೆ ಹಾಕಿರುತ್ತಾನೆ. ಹುಡುಗಿ ಎದೆಗೆ ಅವಚಿಕೊಂಡಿರುತ್ತಾಳೆ. ಆ ಬ್ಯಾಗ್ ಅಲ್ಲಿ ಪುಸ್ತಕ ಇಡೋಕೆ ಮಾತ್ರ ಇರೋದಲ್ಲ, ಅದೊಂದು ಗೋಡೆ. ದುಪಟ್ಟಾ ತುದಿಯಲ್ಲಿರುವ ಪಿನ್ನು ಕೂಡ ದುಪಟ್ಟಾಕ್ಕೆ ಮಾತ್ರ ಅಲ್ಲ. ನನ್ನ ಅಕ್ಕನಿಗೆ ಅದನ್ನು ಕಾಲೇಜಿಗೆ ಸೇರಿದ ದಿನ ಅಮ್ಮನೇ ಕೊಟ್ಟಿದ್ದರು, ಹೇಗೆ ಹಿಡಿಯಬೇಕು ಅಂತಲೂ ತೋರಿಸಿ. ನಾನು ಕಾಲೇಜಿಗೆ ಸೇರಿದಾಗ ನನಗೆ ಕೊಟ್ಟದ್ದು ಪಾಸ್ ಇಡೋಕೆ ಒಂದು ಪ್ಲಾಸ್ಟಿಕ್ ಕವರು. ಸಮಾಜದ ನಡವಳಿಕೆ ಕಲಿಸೋದಕ್ಕೆ ಸಾಮಾಜೀಕರಣ ಅಂತಾರೆ, ಆ ಪದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನ್ನ ಹತ್ತಿರ ಇಲ್ಲ. ಒಂದೇ ಮನೆ, ಒಂದೇ ಅಮ್ಮ, ಒಂದೇ ಬಸ್ಸು.

ಸಂಜೆ ಬಸ್ಸಿನಲ್ಲಿ ಇನ್ನೊಂದು ಲೆಕ್ಕ ಹಾಕಿ. ಯಾರ ಕೈಯಲ್ಲಿ ತರಕಾರಿ ಚೀಲ, ಯಾರು ಫೋನಿನಲ್ಲಿ "ಕುಕ್ಕರ್ ಇಡು, ಬರ್ತಾ ಇದ್ದೀನಿ" ಅನ್ನುತ್ತಿದ್ದಾರೆ. ಸಂಬಳದ ಕೆಲಸ ಮುಗಿಸಿದ ಹೆಂಗಸಿಗೆ ಮನೆಯಲ್ಲಿ ಇನ್ನೊಂದು ಕೆಲಸ ಕಾದಿರುತ್ತೆ ಅನ್ನೋದನ್ನು ಆರ್ಲಿ ಹಾಕ್‌ಷೀಲ್ಡ್ 1989ರಲ್ಲಿ ಅಮೆರಿಕದ ಮನೆಗಳಲ್ಲಿ ಕೂತು ಬರೆದರು. ಎರಡನೇ ಪಾಳಿ ಅಂತ ಕರೆದರು. ನಮ್ಮಲ್ಲಿ ಅದು ಬಸ್ ಸ್ಟಾಪಿನ ಸೊಪ್ಪಿನ ಗಾಡಿ ಹತ್ತಿರವೇ ಶುರುವಾಗುತ್ತೆ.

ಹೆಣ್ಣು, ಗಂಡು ಎರಡೇ ಪೆಟ್ಟಿಗೆ ಇಟ್ಟುಕೊಂಡು ಬರೆಯಬೇಡಿ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಒಪ್ಪಿತು, ತಾನು ಯಾರು ಅಂತ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದ್ದೇ ಅಂದಿತು. ಬಸ್ಸಿನಲ್ಲಿ ಅದು ಹೇಗೆ ನಡೆಯುತ್ತೆ? ಲಿಂಗತ್ವ ಅಲ್ಪಸಂಖ್ಯಾತರಿಗೂ ಸೊನ್ನೆ ಟಿಕೆಟ್ ಇದೆ, ಆದರೆ ಗುರುತಿನ ಕಾರ್ಡಿನಲ್ಲಿ ಒಂದು ಇದ್ದು, ಎದುರಿಗೆ ನಿಂತವರು ಇನ್ನೊಂದು ಕಂಡರೆ, ಕಂಡಕ್ಟರ್ ಒಂದು ಕ್ಷಣ ಮುಖ ನೋಡುತ್ತಾರಲ್ಲ, ಇಡೀ ಬಸ್ಸು ಆ ಕ್ಷಣ ತಿರುಗಿ ನೋಡುತ್ತಲ್ಲ, ಅದು ಕಾನೂನಿನಲ್ಲಿ ಇಲ್ಲ.

ಒಂದು ಎಚ್ಚರಿಕೆ. ಲಿಂಗತ್ವದ ಬಗ್ಗೆ ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ವಚನಕಾರ ಜೇಡರ ದಾಸಿಮಯ್ಯನನ್ನು ತಂದು ಕೂರಿಸುವ ಆಸೆ ಎಲ್ಲರಿಗೂ ಆಗುತ್ತೆ. ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಅಂತ ಅವನು ಹೇಳಿದ್ದು ನಿಜ. ಆದರೆ ಅವನು ಮಾತಾಡುತ್ತಿದ್ದದ್ದು ಆತ್ಮದ ಬಗ್ಗೆ. ಓಕ್ಲಿ ಮಾತಾಡಿದ್ದು ಮನೆ, ಶಾಲೆ, ಸಂಬಳದ ಬಗ್ಗೆ. ಪಕ್ಕಪಕ್ಕ ಇಡಿ, ಒಂದೇ ಅಂತ ಬರೆಯಬೇಡಿ.

ಅಸ್ಮಿತೆ ಒಂದೇ ಇರೋದಿಲ್ಲ

ಬಸ್ಸು, ಅಸ್ಮಿತೆ ಅಂದ ಕೂಡಲೇ ರೋಸಾ ಪಾರ್ಕ್ಸ್ ನೆನಪಾಗುತ್ತಾರೆ. 1955ರ ಡಿಸೆಂಬರ್ 1, ಅಮೆರಿಕದ ಮಾಂಟ್ಗೊಮರಿ ಪಟ್ಟಣ. ಬಿಳಿಯನಿಗೆ ಸೀಟು ಬಿಡಲಿಲ್ಲ ಅಂತ ಬಂಧನ. ಆಮೇಲೆ 381 ದಿನ ಕಪ್ಪು ಜನ ಬಸ್ ಹತ್ತಲಿಲ್ಲ. ಆದರೆ ಅದೇ ವರ್ಷ ಮಾರ್ಚ್ 2ರಂದೇ, ಅದೇ ಊರಿನಲ್ಲಿ, ಕ್ಲಾಡೆಟ್ ಕಾಲ್ವಿನ್ ಅನ್ನೋ 15 ವರ್ಷದ ಶಾಲೆ ಹುಡುಗಿ ಇದನ್ನೇ ಮಾಡಿದ್ದಳು. ಅವಳನ್ನು ಹೋರಾಟದ ಮುಖವಾಗಿ ಮಾಡಲಿಲ್ಲ. ಚಿಕ್ಕ ವಯಸ್ಸು, ಬಡ ಮನೆ, ಆಮೇಲೆ ಮದುವೆಯಾಗದೆ ಬಸುರಿ. ಪಾರ್ಕ್ಸ್ 42 ವರ್ಷದವರು, ದುಡಿಯುವ ಗೃಹಿಣಿ, ಸಂಘಟನೆಯಲ್ಲಿದ್ದವರು. ಇಬ್ಬರೂ ಕಪ್ಪು ಹೆಂಗಸರೇ, ಬಣ್ಣ ಒಂದನ್ನೇ ನೋಡಿದರೆ ಈ ವ್ಯತ್ಯಾಸ ಕಾಣೋದಿಲ್ಲ. ಕೊನೆಗೆ 1956ರಲ್ಲಿ ಬಸ್ಸಿನ ಭೇದ ತೆಗೆಸಿದ ಮೊಕದ್ದಮೆಯಲ್ಲಿ ಕಾಲ್ವಿನ್ ಹೆಸರಿತ್ತು, ಪಾರ್ಕ್ಸ್ ಹೆಸರಿರಲಿಲ್ಲ.

ಇಂಥ ಹೆಣೆದುಕೊಂಡ ಸ್ಥಿತಿಗೆ 1989ರಲ್ಲಿ ಅಮೆರಿಕದ ಕಾನೂನು ಪಂಡಿತೆ ಕಿಂಬರ್ಲೆ ಕ್ರೆನ್‌ಷಾ ಒಂದು ಹೆಸರು ಕೊಟ್ಟರು, ಇಂಟರ್‌ಸೆಕ್ಷನಾಲಿಟಿ ಅಂತ. ಅವರು ಎತ್ತಿಕೊಂಡ ಒಂದು ಮೊಕದ್ದಮೆ ಕೇಳಿ. ಜನರಲ್ ಮೋಟಾರ್ಸ್ ವಿರುದ್ಧ ಕಪ್ಪು ಹೆಂಗಸರು ಕೋರ್ಟಿಗೆ ಹೋಗಿದ್ದರು. ಕಂಪನಿ ಕಪ್ಪು ಗಂಡಸರನ್ನು ಕಾರ್ಖಾನೆಗೆ ತೆಗೆದುಕೊಂಡಿತ್ತು, ಬಿಳಿ ಹೆಂಗಸರನ್ನು ಆಫೀಸಿಗೆ. ಹಾಗಾದರೆ ಬಣ್ಣದ ಭೇದವೂ ಇಲ್ಲ, ಹೆಣ್ಣೆಂಬ ಭೇದವೂ ಇಲ್ಲ ಅಂತ ಲೆಕ್ಕ. ಎರಡೂ ಆಗಿರುವವಳು ನಡುವೆ ಬಿದ್ದುಹೋದಳು.

ನಮ್ಮ ದೇಶದಲ್ಲಿ ಇದನ್ನು ಜಾತಿ ಬಿಟ್ಟು ಬರೆದರೆ ಬರೆದ ಹಾಗೇ ಅಲ್ಲ. 1901ರಲ್ಲಿ ಬಾಲಕ ಅಂಬೇಡ್ಕರ್ ಅಣ್ಣನ ಜೊತೆ ತಂದೆಯನ್ನು ನೋಡೋಕೆ ಕೋರೆಗಾಂವ್‌ಗೆ ಹೊರಟಿದ್ದರು. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಒಳ್ಳೇ ಬಟ್ಟೆ ಹಾಕಿದ್ದ ಮಕ್ಕಳು, ಕೈಯಲ್ಲಿ ದುಡ್ಡಿತ್ತು. ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಮಹಾರ್ ಜಾತಿಯವರು ಅಂತ ಗೊತ್ತಾದ ಮೇಲೆ ಒಬ್ಬ ಗಾಡಿಯವನೂ ಬರಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಗಾಡಿ ನೀವೇ ಹೊಡೆಯಿರಿ, ನಾನು ಪಕ್ಕದಲ್ಲಿ ನಡೆದು ಬರ್ತೀನಿ ಅಂತ. ವರ್ಗ (ದುಡ್ಡು, ಆಸ್ತಿ) ಮತ್ತು ಅಂತಸ್ತು (ಇಲ್ಲಿ ಸಮಾಜ ಕೊಡುವ ಮರ್ಯಾದೆ ಅನ್ನೋ ಅರ್ಥದಲ್ಲಿ) ಬೇರೆ ಬೇರೆ ಅಂತ ಜರ್ಮನಿಯ ಮ್ಯಾಕ್ಸ್ ವೆಬರ್ ವಾದ ಮಾಡಿದ್ದನ್ನು ಓದುವಾಗ ಈ ಗಾಡಿಯನ್ನು ಎದುರಿಗಿಟ್ಟುಕೊಳ್ಳಿ. ಅವರ ದುಡ್ಡು ನಡೆಯಿತು, ಅವರ ಪಕ್ಕ ಕೂರೋದು ನಡೆಯಲಿಲ್ಲ.

ಈಗ ಬರೆಯಿರಿ

ವಾರದ ಕೊನೆಗೆ ನೋಟ್‌ಬುಕ್ಕಿನಿಂದ ಒಂದೇ ಒಂದು ಘಟನೆ ಆರಿಸಿ. ಎರಡು ಬೇಡ. ಮೊದಲ ಪ್ಯಾರಾದಲ್ಲಿ ನಡೆದದ್ದನ್ನು ಹೇಳಿ, ಪಾರಿಭಾಷಿಕ ಪದ ಒಂದೂ ಇರಬಾರದು. ಆಮೇಲೆ ಮೂರು ಪ್ರಶ್ನೆಗಳಲ್ಲಿ ಯಾವುದು ಆ ಘಟನೆಯನ್ನು ಚೆನ್ನಾಗಿ ಬಿಡಿಸುತ್ತೆ ನೋಡಿ, ಅದಕ್ಕೆ ಉತ್ತರ ಬರೆಯಿರಿ. ಅದು ಬಿಟ್ಟುಬಿಟ್ಟದ್ದು ಏನು ಅಂತ ಇನ್ನೊಂದು ಪ್ರಶ್ನೆಯಿಂದ ನಾಲ್ಕು ಸಾಲು. ಪದಗಳ ಕೆಳಗೆ ಗೆರೆ ಎಳೆಯೋದು ಕೊನೆಗೆ.

ಇಷ್ಟಾದ ಮೇಲೆ ಪಠ್ಯಪುಸ್ತಕ ತೆಗೆದು, ನೀವು ಬಳಸಿದ ಪದಗಳ ವ್ಯಾಖ್ಯೆ ಮಾತ್ರ ಓದಿ. ಪುಸ್ತಕದ್ದು ನಿಮ್ಮ ಪುಟದ ಜೊತೆ ಎಲ್ಲಿ ಹೊಂದೋದಿಲ್ಲವೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಮೇಷ್ಟ್ರನ್ನೋ ಮೇಡಂನ್ನೋ ಕೇಳಬೇಕಾದ್ದು ಅದನ್ನೇ. ಪರೀಕ್ಷೆಯಲ್ಲಿ ಹೆಸರು, ಇಸವಿ ಬರೆಯಿರಿ, ಪಕ್ಕದಲ್ಲೇ ನಿಮ್ಮ ಬಸ್ಸಿನದ್ದೊಂದು ಉದಾಹರಣೆ ಹಾಕಿ.

ಮುಂದಿನ ವಾರ ಅದೇ ಬಸ್ಸು, ಬೆಳಗಿನ ಹೊತ್ತು. ಹಿಂದೆ ನಿಲ್ಲುತ್ತಿದ್ದರೆ ಈ ಸಲ ಮುಂದೆ ಡ್ರೈವರ್ ಹತ್ತಿರ ನಿಲ್ಲಿ, ಕನ್ನಡಿಯಲ್ಲಿ ಇಡೀ ಬಸ್ಸು ಕಾಣುತ್ತೆ. ಮತ್ತೆ ಬರೆಯೋ ಗಡಿಬಿಡಿಯಲ್ಲಿ ಚಿಲ್ಲರೆ ಮರೆಯಬೇಡಿ, ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟಿರುತ್ತಾರೆ.